ಅಲಗಿನ ಗಾಡಿ

ನಮ್ಮ ಹಿತ್ತಿಲ ಜಗಲಿಯ ಮೇಲೆ ಒಂದು ಪುಟ್ಟ ಗಾಡಿ ಇದೆ. ತೇಗದ ಮೈ, ಎರಡು ಚಕ್ರ, ಮೇಲೊಂದು ಅಡ್ಡಪಟ್ಟಿ, ಅದನ್ನು ಬಿಗಿಯಲು ಚಿಟ್ಟೆರೆಕ್ಕೆಯಂಥ ಕಿವಿಗಳಿರುವ ಎರಡು ನಟ್ಟು. ಒಟ್ಟು ಅಂಗೈಯಗಲ. ಮೊಮ್ಮಗಳು ಅದನ್ನು ಮೊದಲ ಸಲ ಕಂಡಾಗ, “ತಾತ, ಈ ಗಾಡೀಲಿ ಯಾರು ಕೂತ್ಕೊಳ್ತಾರೆ?” ಎಂದಳು. “ತೋಪಡದ ಅಲಗು ಕೂತ್ಕೊಳ್ಳುತ್ತೆ ಪುಟ್ಟಿ” ಎಂದೆ. “ಎಲ್ಲಿಗೆ ಹೋಗುತ್ತೆ?” “ಮಸೆಗಲ್ಲಿನ ಈ ತುದಿಯಿಂದ ಆ ತುದಿಗೆ. ಮತ್ತೆ ವಾಪಸ್ಸು.” ಅಂದಿನಿಂದ ಮನೆಯಲ್ಲಿ ಅದಕ್ಕೆ ಅಲಗಿನ ಗಾಡಿ ಎಂದೇ ಹೆಸರು. ವರ್ಕ್‌ಶಾಪಿನವರು ಇಂಥದ್ದಕ್ಕೆ ಜಿಗ್ ಎನ್ನುತ್ತಾರೆ.

ತೋಪಡ ಎಂದರೆ ಮರವನ್ನು ಹೆರೆದು ಮಟ್ಟ ಮಾಡುವ, ನುಣುಪು ಮಾಡುವ ಹತಾರ. ನಮ್ಮ ಮೈಸೂರು ಸೀಮೆಯಲ್ಲಿ ತೋಪಡ, ಇನ್ನು ಕೆಲವೆಡೆ ಹತ್ತರಿ, ನಿಘಂಟಿನಲ್ಲಿ ಉಜ್ಜುಗೊರಡು. ಹೆಸರು ಯಾವುದಾದರೂ ಅದರ ಜೀವ ಇರುವುದು ಅಲಗಿನ ಬಾಯಲ್ಲಿ. ಅದು ಮೊಂಡಾದರೆ ತೋಪಡ ಬರೀ ಒಂದು ಭಾರದ ತುಂಡು.

ಹುಣಸೂರಿನ ಕಡೆ ನಮ್ಮ ಹಳ್ಳಿ. ಸ್ಕೂಲು ಬಿಟ್ಟ ಕೂಡಲೇ ನಾನು ಓಡುತ್ತಿದ್ದುದು ಆಚಾರ್ರ ಕೊಟ್ಟಿಗೆಗೆ. ನೇಗಿಲು, ಕುಂಟೆ, ಬಾಗಿಲುವಾಡ, ತೊಟ್ಟಿಲು ಎಲ್ಲವೂ ಅಲ್ಲಿ ಹುಟ್ಟುತ್ತಿದ್ದವು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಯಾವ ಕೆಲಸವಿರಲಿ, ಮೊದಲು ಮಸೆಯುವುದು. ಕಲ್ಲನ್ನು ನೆಲಕ್ಕಿಟ್ಟು ಎಡಗಾಲ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು. ಸೀಮೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿದ್ದನ್ನು ನಾಲ್ಕು ತೊಟ್ಟು ಬಿಡುತ್ತಿದ್ದರು. ಅಲಗಿನ ಓರೆಮುಖವನ್ನು ಕಲ್ಲಿನ ಮೇಲಿಟ್ಟು ಮಣಿಕಟ್ಟನ್ನು ಒಂದಿಷ್ಟು ಏರಿಸಿ, ಒಂದಿಷ್ಟು ಇಳಿಸಿ, ಒಂದು ಜಾಗದಲ್ಲಿ ತಟ್ಟನೆ ನಿಲ್ಲಿಸಿ, “ಕೂತ್ಕತ್ತು” ಎನ್ನುತ್ತಿದ್ದರು. ಓರೆ ಪೂರ್ತಿಯಾಗಿ ಕಲ್ಲಿಗೆ ಅಂಟಿ ಕೂತಿತು ಎಂದರ್ಥ. ಅಲ್ಲಿಂದಾಚೆಗೆ ಆ ಕೋನ ಕದಲುತ್ತಿರಲಿಲ್ಲ. ಮೈ ಹಿಂದೆ ಮುಂದೆ ತೂಗುತ್ತಿತ್ತು, ಮೊಣಕೈ ಮಡಿಸಿ ಬಿಚ್ಚುತ್ತಿತ್ತು, ಮಣಿಕಟ್ಟು ಮಾತ್ರ ಬೀಗ ಹಾಕಿದಂತೆ. ಸದ್ದು ಕೂಡ ಒಂದೇ ಶ್ರುತಿಯಲ್ಲಿರುತ್ತಿತ್ತು. ಕೊನೆಗೆ ಅಲಗನ್ನು ಅಂಗೈಗೆ ಎರಡು ಸಲ ಸವರಿ, ಬೆಳಕಿಗೆ ಹಿಡಿದು ನೋಡಿ, ತೋಪಡದೊಳಗಿಟ್ಟು ಬೆಣೆ ತಟ್ಟುತ್ತಿದ್ದರು. ಆಮೇಲೆ ಬರುತ್ತಿದ್ದ ಸುರುಳಿ ಸಿಪ್ಪೆಗಳನ್ನು ನಾನು ಚಡ್ಡಿ ಜೇಬಿನಲ್ಲಿ ತುಂಬಿಕೊಂಡು ಮನೆಗೆ ತರುತ್ತಿದ್ದೆ. ತೇಗದ ಸಿಪ್ಪೆಯ ವಾಸನೆ ಪುಸ್ತಕಗಳಿಗೂ ಅಂಟುತ್ತಿತ್ತು.

ಆ ಕೊಟ್ಟಿಗೆಯಲ್ಲೇ ಇದ್ದು ಕೆಲಸ ಕಲಿಯಬೇಕೆಂಬ ಆಸೆ ನನಗಿತ್ತು. ಆದರೆ ಓದು ಮೈಸೂರಿಗೆ ಎಳೆದು ತಂದಿತು. ಹೈಸ್ಕೂಲಿನಲ್ಲಿ ಭೌತವಿಜ್ಞಾನ ಪಾಠ ಮಾಡುತ್ತ 34 ವರ್ಷ ಕಳೆದವು. ನಿವೃತ್ತಿಯಾದ ತಿಂಗಳೇ ಒಂದು ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ತೋಪಡವೊಂದನ್ನು ಕಂಡೆ. ಬಿಟ್ಟು ಬರಲು ಮನಸ್ಸಾಗಲಿಲ್ಲ. ಆಚಾರ್ರದ್ದು ಮರದ ಮೈಯ ತೋಪಡ. ಇದು ಅಮೆರಿಕದ ಲಿಯೊನಾರ್ಡ್ ಬೈಲಿ ರೂಪಿಸಿದ ಅಚ್ಚಿನದು. ಅವನ ಪೇಟೆಂಟುಗಳನ್ನು 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡಿತು. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಕಬ್ಬಿಣದ ತೋಪಡಗಳು ಬಹುಪಾಲು ಆ ಅಚ್ಚಿನವೇ. ಆಚಾರ್ರು ಬೆಣೆಯ ಮೇಲೆ ತಟ್ಟಿ ತಟ್ಟಿ ಅಲಗನ್ನು ಇಳಿಸುತ್ತಿದ್ದರೆ, ಇದರಲ್ಲಿ ಹಿಂಬದಿಯ ಹಿತ್ತಾಳೆ ತಿರುಪನ್ನು ತಿರುಗಿಸಿದರೆ ಅಲಗು ಕೂದಲೆಳೆಯಷ್ಟು ಕೆಳಗೆ ಬರುತ್ತದೆ. ತುಕ್ಕು ತಿಕ್ಕಿ ತೆಗೆದೆ. ಮೊಮ್ಮಗಳಿಗೆಂದು ಹಲಸಿನ ಮಣೆಯೊಂದನ್ನು ಮಾಡುವ ಸಂಕಲ್ಪ ಮಾಡಿ ಹಲಗೆಯನ್ನೂ ತಂದೆ. ಉಳಿದದ್ದು ಅಲಗಿಗೆ ಬಾಯಿ ಬರಿಸುವುದು.

ಮೊದಲು ಅದನ್ನು ಸಾಣೆ ಹಿಡಿಯುವವರೊಬ್ಬರ ಕೈಗೆ ಕೊಟ್ಟೆ. ಮೋಟರಿನ ಚಕ್ರಕ್ಕೆ ಒತ್ತಿ ಹಿಡಿದರು, ಕಿಡಿ ಮಳೆಗರೆಯಿತು. ಎರಡೇ ನಿಮಿಷದಲ್ಲಿ ಅಲಗು ಕೈಗೆ ಬಂತು. ಬಾಯಿಯುದ್ದಕ್ಕೂ ನವಿಲುಗರಿಯ ಹಾಗೆ ನೀಲಿ. ಪಾಠ ಮಾಡಿದ ನನಗೆ ಆ ನೀಲಿಯ ಅರ್ಥ ಗೊತ್ತಿತ್ತು. ನೀರು ಕುಡಿಸಿ ಹದ ಮಾಡಿದ ಉಕ್ಕು ಕಾಯುತ್ತ ಹೋದಂತೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಸುಮಾರು 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನೀಲಿ ತಿರುಗುತ್ತದೆ. ಅಷ್ಟರಲ್ಲಿ ಅದರ ಗಡಸು ಇಳಿದಿರುತ್ತದೆ. ಎಷ್ಟೇ ಚೂಪು ಮಾಡಿದರೂ ಆ ಬಾಯಿ ನಾಲ್ಕು ಸಲ ಮರಕ್ಕೆ ತಾಗಿದರೆ ಮಡಿಸಿಕೊಳ್ಳುತ್ತದೆ. ಅಡುಗೆಮನೆಯ ಚಾಕುವಿಗೆ ಒಗ್ಗುವ ಅವಸರ ತೋಪಡದ ಅಲಗಿಗೆ ಒಗ್ಗದು. ನೀಲಿ ಇದ್ದಷ್ಟು ಭಾಗವನ್ನು, ಸುಮಾರು 3 ಮಿ.ಮೀ., ಒರಟು ಕಲ್ಲಿನ ಮೇಲೆ ಕೈಯಿಂದಲೇ ತೇಯ್ದು ತೆಗೆಯುವುದಕ್ಕೆ ನನಗೆ ಎಂಟು ಸಂಜೆ ಹಿಡಿಯಿತು.

ಆ ಎಂಟು ಸಂಜೆಗಳಲ್ಲಿ ನನ್ನ ಮಣಿಕಟ್ಟಿನ ಪರಿಚಯ ನನಗಾಯಿತು. ಮುಂದೆ ತಳ್ಳುವಾಗ ಅದು ತಗ್ಗುತ್ತದೆ, ಹಿಂದೆ ಎಳೆಯುವಾಗ ಏಳುತ್ತದೆ. ಹೀಗಾಗಿ ಓರೆಮುಖ ಚಪ್ಪಟೆಯಾಗದೆ ಹೊಟ್ಟೆ ಬಂದು ದುಂಡಗಾಯಿತು. ಮುಟ್ಟಿದರೆ ಚೂಪೇ. ಮರದ ಮೇಲೆ ಇಟ್ಟರೆ ಕಚ್ಚದೆ ಜಾರುತ್ತಿತ್ತು.

ಇದರ ಕಾರಣ ತಿಳಿಯಲು ಒಂದು ಚಿತ್ರ ಬಿಡಿಸಿಕೊಂಡೆ. ಈ ಬಗೆಯ ತೋಪಡದಲ್ಲಿ ಅಲಗು ಮರಕ್ಕೆ 45 ಡಿಗ್ರಿ ಓರೆಯಾಗಿ, ಓರೆಮುಖ ಕೆಳಗಾಗಿ ಕೂರುತ್ತದೆ. ಅಲಗಿನ ಕೋನ 30 ಡಿಗ್ರಿ ಇದ್ದರೆ, ಬಾಯಿಯ ಹಿಂದೆ ಮರಕ್ಕೂ ಓರೆಮುಖಕ್ಕೂ ನಡುವೆ 15 ಡಿಗ್ರಿ ತೆರವು ಉಳಿಯುತ್ತದೆ. ಆ ತೆರವೇ ಬಾಯಿಯನ್ನು ಮರಕ್ಕೆ ಕಚ್ಚಿಸುವುದು. ಮಣಿಕಟ್ಟು ಎದ್ದು ಎದ್ದು ಬಾಯಿಯ ತುದಿಯ ಕೋನ 40, 42 ಆಗಿಬಿಟ್ಟರೆ ತೆರವು ಐದೋ ಮೂರೋ ಡಿಗ್ರಿಗೆ ಇಳಿಯುತ್ತದೆ. ಅಲಗಿನ ಹೊಟ್ಟೆಯೇ ಮರದ ಮೇಲೆ ಕೂತು ಬಾಯಿಯನ್ನು ಎತ್ತಿ ಹಿಡಿಯುತ್ತದೆ. ಹಾಗಂತ ಕೋನವನ್ನು 20ಕ್ಕೆ ಇಳಿಸಿದರೆ ಬಾಯಿ ತೆಳ್ಳಗಾಗಿ, ತೇಗದಂಥ ಮರದಲ್ಲಿ, ಅದರ ಮೈಯಲ್ಲಿ ಮರಳಿನ ಅಂಶವೇ ಇರುವುದರಿಂದ, ಬೇಗ ಚೂರೇಳುತ್ತದೆ. ಒರಟಾಗಿ ತೇಯುವುದಕ್ಕೆ 25, ಬಾಯಿ ಬರಿಸುವುದಕ್ಕೆ 30 ಎಂಬುದು ಅನುಭವಸ್ಥರು ಕಂಡುಕೊಂಡ ಹದ.

ಹಾಗಾದರೆ ಆಚಾರ್ರ ಕೈಗೆ ಸಾಧ್ಯವಾದದ್ದು ನನಗೇಕಿಲ್ಲ? ಅಭ್ಯಾಸ ಎನ್ನುವುದು ಅರ್ಧ ಉತ್ತರ. ಇನ್ನರ್ಧ ಅಲಗಿನ ದಪ್ಪದಲ್ಲಿದೆ. ಮರದ ತೋಪಡಕ್ಕೆ ಹಾಕುವ ಅಲಗು ನಾಲ್ಕೈದು ಮಿ.ಮೀ. ದಪ್ಪ. 25 ಡಿಗ್ರಿಗೆ ತೇಯ್ದರೆ ಅದರ ಓರೆಮುಖ ಹೆಚ್ಚುಕಡಿಮೆ 10 ಮಿ.ಮೀ. ಅಗಲ ಬರುತ್ತದೆ. ಅಷ್ಟಗಲದ ಮುಖ ಕಲ್ಲಿನ ಮೇಲೆ ತಾನಾಗಿ ಕೂರುತ್ತದೆ, ಕೂತದ್ದು ಬೆರಳಿಗೆ ತಿಳಿಯುತ್ತದೆ. ನನ್ನ ಕಬ್ಬಿಣದ ತೋಪಡದ ಅಲಗು ಬರೀ 2 ಮಿ.ಮೀ. ದಪ್ಪ, ಓರೆಮುಖ 5 ಮಿ.ಮೀ. ಕೂಡ ಇಲ್ಲ. ಕೂರಲು ಅದಕ್ಕೆ ಜಾಗವೇ ಇಲ್ಲ. ಇದನ್ನು ಲೆಕ್ಕ ಹಾಕಿ ನೋಡಿದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ಕೂರದ ಅಲಗನ್ನು ಕೂರಿಸುವ ಪೀಠವೊಂದು ಬೇಕು, ಅದನ್ನು ಮಾಡೋಣ ಎಂದುಕೊಂಡೆ.

ಅಂಗಡಿಯಲ್ಲಿ ಇಂಥದ್ದು ಸಿಗದೆ ಏನಿಲ್ಲ. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ತಯಾರಾಗುತ್ತಿದ್ದ ಎಕ್ಲಿಪ್ಸ್ ಎಂಬ ಪುಟ್ಟ ಹಿಡಿಕೆ ಪ್ರಸಿದ್ಧ. ಅದರ ನಕಲುಗಳು ಎಲ್ಲ ಕಡೆ ಇವೆ. ತೋಪಡದ ಅಲಗನ್ನು 50 ಮಿ.ಮೀ. ಮುಂದೆ ಚಾಚಿದರೆ 25 ಡಿಗ್ರಿ, 38 ಮಿ.ಮೀ. ಚಾಚಿದರೆ 30 ಡಿಗ್ರಿ ಎಂದು ಅದರ ಮೈಮೇಲೇ ಬರೆದಿರುತ್ತಿತ್ತು. ಆದರೆ ಪ್ರಯೋಗದ ಸಾಮಾನನ್ನು ಆದಷ್ಟೂ ಕೈಯಾರೆ ಮಾಡಿಕೊಂಡು ಪಾಠ ಮಾಡಿದವನು ನಾನು. ಮಾಡಿದ ವಸ್ತು ಕೆಟ್ಟರೆ ಎಲ್ಲಿ ಕೆಟ್ಟಿತೆಂದು ತಿಳಿಯುತ್ತದೆ, ಕೊಂಡದ್ದು ಕೆಟ್ಟರೆ ಬದಲಾಯಿಸಲು ಮಾತ್ರ ತಿಳಿಯುತ್ತದೆ.

ಮೊದಲು ಮಾಡಿದ್ದು ಚಕ್ರವಿಲ್ಲದ ಬೆಣೆ. ತೇಗದ ತುಂಡನ್ನು 30 ಡಿಗ್ರಿಗೆ ಕೊಯ್ದು, ಅದರ ಇಳಿಜಾರಿನ ಮೇಲೆ ಅಲಗನ್ನು ಬಿಗಿದು, ಬೆಣೆಯ ಸಮೇತ ಕಲ್ಲಿನ ಮೇಲೆ ತಿಕ್ಕಿದೆ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಕಲ್ಲು ಉಕ್ಕನ್ನು ತೇಯ್ದದ್ದಕ್ಕಿಂತ ಹೆಚ್ಚಾಗಿ ಬೆಣೆಯ ತಳವನ್ನು ತೇಯ್ದಿರುವುದು ಕಂಡಿತು. ತಳ ಸವೆದಂತೆ ಕೋನ ಬದಲಾಗುತ್ತಿತ್ತು. ಅದನ್ನು ಬಿಟ್ಟೆ.

ಎರಡನೆಯದೇ ಈ ಗಾಡಿ. ಹಳೆಯ ಕಿಟಕಿ ಚೌಕಟ್ಟಿನ ತೇಗದಿಂದ 80 ಮಿ.ಮೀ. ಅಗಲ, 36 ಮಿ.ಮೀ. ಉದ್ದ, 28 ಮಿ.ಮೀ. ದಪ್ಪದ ತುಂಡು ಕೊಯ್ದೆ. ಅಡ್ಡಕ್ಕೆ, ಮುಂಬದಿಯಿಂದ 12 ಮಿ.ಮೀ. ಹಿಂದೆ, ಮೇಲ್ಮುಖದಿಂದ 18 ಮಿ.ಮೀ. ಕೆಳಗೆ 8 ಮಿ.ಮೀ. ರಂಧ್ರ. ಅದರೊಳಗೆ ಉದ್ದನೆಯ ಬೋಲ್ಟೊಂದು ಅಚ್ಚಾಗಿ ಹಾಯುತ್ತದೆ. ಎರಡು ಕಡೆಗೂ ಮಕ್ಕಳ ಸ್ಕೇಟಿನ ಚಕ್ರದೊಳಗಿರುವಂಥ ಬೇರಿಂಗ್, 608 ನಂಬರಿನದು. ಒಳಗಿನ ರಂಧ್ರ 8 ಮಿ.ಮೀ., ಹೊರಗಿನ ವ್ಯಾಸ 22 ಮಿ.ಮೀ., ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಅಚ್ಚಿನ ರಂಧ್ರ ಮುಂಬದಿಗೆ ಸಮಾನಾಂತರವಾಗಿರಬೇಕು. ಅದು ಸೊಟ್ಟಗಾದರೆ ಅಲಗಿನ ಬಾಯಿಯೂ ಸೊಟ್ಟ. ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿದು ಮಾಡಬೇಕಾದದ್ದು ಇದೊಂದೇ. ನಾನು ಎರಡು ಬದಿಯಿಂದಲೂ ಗುರುತು ಮಾಡಿ, ಎರಡು ಬದಿಯಿಂದಲೂ ಅರ್ಧರ್ಧ ಕೊರೆದು ನಡುವೆ ಕೂಡಿಸಿದೆ.

ಮಸೆಗಲ್ಲಿನ ಅಗಲ 50 ಮಿ.ಮೀ. ಮಾತ್ರ. ಚಕ್ರಗಳು ಅದರ ಮೇಲೆ ಓಡಿದರೆ ಕಲ್ಲಿನ ಪುಡಿ ಬೇರಿಂಗಿನೊಳಗೆ ಹೋಗುತ್ತದೆ. ಅದಕ್ಕೆ ಕಲ್ಲನ್ನು ಒಂದು ಹಲಗೆಯ ನಡುವೆ ಕೂರಿಸಿ, ಎರಡು ಪಕ್ಕಕ್ಕೂ ಮರದ ಪಟ್ಟಿ ಹೊಡೆದು, ಒಟ್ಟು ಎತ್ತರ ಕಲ್ಲಿನಷ್ಟೇ ಆಗುವಂತೆ ಅವುಗಳ ಮೇಲೆ ಗಾಜಿನ ತುಂಡು ಅಂಟಿಸಿದೆ. ಗಾಜಿನಂಗಡಿಯಲ್ಲಿ ಕೊಯ್ದು ಉಳಿದ ಪಟ್ಟಿಗಳನ್ನು ಕೇಳಿದರೆ ಕೊಡುತ್ತಾರೆ. ಈಗ ನಡುವೆ ಕಲ್ಲು, ಅಕ್ಕಪಕ್ಕ ರೈಲು ಹಳಿಯಂತೆ ಗಾಜು. ಗಾಡಿ ಹಳಿಯ ಮೇಲೆ, ಅಲಗಿನ ಬಾಯಿ ಕಲ್ಲಿನ ಮೇಲೆ.

ಮೊದಲ ಓಟದಲ್ಲೇ ಗಾಡಿಯ ಕೆಳಗಿನ ಮುಂದಿನ ಮೂಲೆ ಗಾಜಿಗೆ ತಾಗಿ ಕಿರುಗುಟ್ಟಿತು. ಓರೆಯಾಗಿ ನಿಂತಾಗ ಆ ಮೂಲೆ ಕೆಳಗಿಳಿಯುವುದನ್ನು ನಾನು ಲೆಕ್ಕಕ್ಕೆ ತಂದಿರಲಿಲ್ಲ. ಉಳಿಯಿಂದ ಕಡಿದು ಓರೆ ಮಾಡಿದೆ. ಮೇಲಿನ ಅಡ್ಡಪಟ್ಟಿಯದು ಇನ್ನೊಂದು ತಕರಾರು. ಎರಡು ತುದಿಯ ನಟ್ಟುಗಳನ್ನು ಬಿಗಿದಾಗ ಪಟ್ಟಿ ನಡುವೆ ಕಮಾನಿನಂತೆ ಏಳುತ್ತಿತ್ತು, ಅಲಗಿನ ಎರಡು ಅಂಚುಗಳನ್ನಷ್ಟೇ ಒತ್ತುತ್ತಿತ್ತು, ಅಲಗು ನಡುದಾರಿಯಲ್ಲಿ ತಿರುಚಿಕೊಳ್ಳುತ್ತಿತ್ತು. ಪಟ್ಟಿಯ ಕೆಳಮುಖಕ್ಕೆ ನಡುವೆ ತುಸು ಹೊಟ್ಟೆ ಬರುವಂತೆ ಎರಡು ತುದಿಗಳನ್ನು ಹೆರೆದೆ. ಸೈಕಲ್ ಟ್ಯೂಬಿನ ತುಂಡೊಂದನ್ನು ಅಂಟಿಸಿದೆ. ಈಗ ಅಲಗು ಹಲ್ಲು ಕಚ್ಚಿ ಹಿಡಿದಂತೆ ನಿಲ್ಲುತ್ತದೆ.

ಕೋನವನ್ನು ನಿರ್ಧರಿಸುವುದು ಅಲಗು ಎಷ್ಟು ಮುಂದೆ ಚಾಚಿದೆ ಎಂಬುದು. ಹೆಚ್ಚು ಚಾಚಿದರೆ ಕೋನ ಕಡಿಮೆ, ಒಳಗೆಳೆದರೆ ಹೆಚ್ಚು. ನನ್ನ ಗಾಡಿಯ ಅಳತೆಗೆ ಮುಂಬದಿಯಿಂದ 45 ಮಿ.ಮೀ. ಚಾಚಿದರೆ 30 ಡಿಗ್ರಿ, 57 ಚಾಚಿದರೆ 25. ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ಮರದ ಒಂದು ತ್ರಿಕೋನ ಕೊಯ್ದುಕೊಂಡೆ: ಇಳಿಜಾರು 100 ಮಿ.ಮೀ., ಎತ್ತರ 50. ಇಳಿಜಾರಿನ ಅರ್ಧದಷ್ಟು ಎತ್ತರವಿದ್ದರೆ ಕೋನ 30 ಡಿಗ್ರಿ ಎಂಬುದು ನನಗೆ ಬಹಳ ಪ್ರಿಯವಾದ ಸತ್ಯ. ಆರ್ಯಭಟನ ಜ್ಯಾ ಕೋಷ್ಟಕದಲ್ಲಿ ತ್ರಿಜ್ಯ 3438. 30 ಡಿಗ್ರಿಯ ಜ್ಯಾ 1719, ಸರಿಯಾಗಿ ಅರ್ಧ. 499ರ ಸುಮಾರಿನ ಆ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಹಿತ್ತಿಲಲ್ಲಿ ಕೂತು ತೇಗದ ಚೂರಿನ ಮೇಲೆ ಅದನ್ನು ಗರಗಸದಿಂದ ಕೊಯ್ದಾಗ ಆದ ಸಂತೋಷ ಬೇರೆ. ಪ್ರತಿಸಲ ಅಳೆಯುವ ತಾಪತ್ರಯ ಬೇಡವೆಂದು ಒಂದು ಹಲಗೆಗೆ ಎರಡು ತಡೆಗಳನ್ನು ಹೊಡೆದಿದ್ದೇನೆ. ಗಾಡಿಯನ್ನು ಹಲಗೆಯಂಚಿಗೆ ಒತ್ತಿ, ಅಲಗನ್ನು ತಡೆಗೆ ಮುಟ್ಟುವವರೆಗೆ ಸರಿಸಿ, ನಟ್ಟು ಬಿಗಿದರೆ ಮುಗಿಯಿತು.

ಇಷ್ಟೆಲ್ಲ ಆದ ಮೇಲೆ ಅಲಗು ಮಸೆದೆ. ಕಲ್ಲಿನ ಒರಟು ಮುಖದಲ್ಲಿ, ನುಣ್ಣನೆ ಮುಖದಲ್ಲಿ, ಆಮೇಲೆ ಗಾಜಿನ ಮೇಲೆ ಹರಡಿದ 1000 ಮತ್ತು 2000 ನಂಬರಿನ ನೀರುಕಾಗದದ ಮೇಲೆ. ಬಾಯಿಯ ಬೆನ್ನಿಗೆ ಎದ್ದ ಕೂದಲಿನಂಥ ತರಿಯನ್ನು ಬೆನ್ನನ್ನು ಚಪ್ಪಟೆಯಾಗಿಟ್ಟು ತೆಗೆದೆ. ಹಳೆಯ ಬೆಲ್ಟಿನ ಚರ್ಮಕ್ಕೆ ಸವರಿದೆ. ಓರೆಮುಖ ಕನ್ನಡಿಯಾಗಿತ್ತು. ತೋಪಡಕ್ಕೆ ಹಾಕಿ ಹಲಸಿನ ಹಲಗೆಯ ಮೇಲೆ ತಳ್ಳಿದೆ. ಸುರುಳಿ ಬಂತು. ಎತ್ತಿ ಬೆಳಕಿಗೆ ಹಿಡಿದರೆ ನಡುವೆ ದಪ್ಪ, ಎರಡು ಅಂಚಿಗೆ ಏನೂ ಇಲ್ಲ. ಹಲಗೆಯ ಮೇಲೆ ಉದ್ದಕ್ಕೂ ಕಾಲುವೆ ತೋಡಿದಂಥ ಗೆರೆ.

ಗಾಡಿಯನ್ನೇ ಸಂಶಯಪಟ್ಟೆ. ಅಚ್ಚು ಬದಲಿಸಿದೆ. ಬೇರಿಂಗ್ ಬದಲಿಸಿದೆ. ಪಟ್ಟಿಯನ್ನು ಮತ್ತೆ ಹೆರೆದೆ. ಮೂಲೆಮಟ್ಟ ಹಿಡಿದು ಹತ್ತು ಸಲ ನೋಡಿದೆ. ಎಲ್ಲ ಸರಿಯಾಗಿತ್ತು, ಸುರುಳಿ ಮಾತ್ರ ಅದೇ ಹಟ.

ಹದಿನೈದು ದಿನ ಹೀಗೇ ಕಳೆದ ಮೇಲೆ ಊರ ಹಬ್ಬಕ್ಕೆ ಕರೆಯಲು ಆಚಾರ್ರು ಮೊಮ್ಮಗನ ಬೈಕಿನಲ್ಲಿ ಮೈಸೂರಿಗೆ ಬಂದರು. ಈಗ ಅವರಿಗೆ ಎಪ್ಪತ್ತೇಳು. ಚಿಕ್ಕಂದಿನಲ್ಲಿ ‘ಮಗ’ ಎನ್ನುತ್ತಿದ್ದವರು ನಾನು ಕೆಲಸಕ್ಕೆ ಸೇರಿದಾಗಿನಿಂದ ‘ಮೇಷ್ಟ್ರೇ’ ಎನ್ನುತ್ತಾರೆ. ಎಷ್ಟು ಬೇಡವೆಂದರೂ ಕೇಳುವುದಿಲ್ಲ. ಕಾಫಿ ಕುಡಿದು ಹಿತ್ತಿಲಿಗೆ ಬಂದವರು ಗಾಡಿಯನ್ನು ಕೈಗೆತ್ತಿಕೊಂಡರು.

“ಏನ್ ಮೇಷ್ಟ್ರೇ, ಅಲಗಿಗೆ ಗಾಡಿ ಕಟ್ಟಿದ್ದೀರಿ?”

“ನಿಮ್ಮಂಗೆ ಕೈ ನಿಲ್ಲಲ್ಲ ಆಚಾರ್ರೇ. ಅದಕ್ಕೇ ಇದು. ಆದ್ರೂ ಸಿಪ್ಪೆ ನಡೂಮಧ್ಯ ಮಾತ್ರ ಬರ್ತದೆ. ಎಲ್ಲಿ ತಪ್ಪಿದೀನೋ ಗೊತ್ತಾಗ್ತಿಲ್ಲ.”

ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ ನೋಡಿದರು. ಅಲಗನ್ನು ಬಿಚ್ಚಿಸಿ ಬೆಳಕಿಗೆ ಹಿಡಿದರು. ಆಮೇಲೆ ಸ್ಟೀಲಿನ ಸ್ಕೇಲ್ ಕೇಳಿದರು. ಕಲ್ಲಿನ ಮೇಲೆ ಸ್ಕೇಲನ್ನು ಅಡ್ಡಕ್ಕೆ, ಅಂಚಿನ ಮೇಲೆ ನಿಲ್ಲಿಸಿ, ಬಾಗಿಲ ಕಡೆ ತಿರುಗಿಸಿ, ನನ್ನನ್ನು ಬಗ್ಗಿ ನೋಡುವಂತೆ ಹೇಳಿದರು. ಸ್ಕೇಲಿನ ಕೆಳಗೆ, ನಡುವೆ, ಬೆಳಕಿನ ಒಂದು ಗೆರೆ. ಉದ್ದಕ್ಕೆ ಇಟ್ಟರು. ಅಲ್ಲೂ ಗೆರೆ, ಇನ್ನೂ ದಪ್ಪ.

“ಗಾಡಿ ಸರ್ಯಾಗೇ ಅದೆ ಕಣ್ ಮೇಷ್ಟ್ರೇ. ಕಲ್ ಹಳ್ಳ ಬಿದ್ದದೆ.”

ನೀಲಿ ತೇಯ್ದ ಆ ಎಂಟು ಸಂಜೆಗಳಲ್ಲಿ ನಾನು ಕಲ್ಲಿನ ನಡುಭಾಗವನ್ನೇ ಬಳಸಿದ್ದೆ. ನಡುವೆ ತಗ್ಗಾದ ಕಲ್ಲು ಅಲಗಿನ ಎರಡು ಮೂಲೆಗಳನ್ನು ಹೆಚ್ಚು ತಿನ್ನುತ್ತದೆ, ನಡುವನ್ನು ಬಿಡುತ್ತದೆ. ಅಲಗು ಕಲ್ಲಿನ ಹಳ್ಳಕ್ಕೆ ತಕ್ಕ ಗುಡ್ಡವಾಗಿತ್ತು. ಗಾಡಿ ತನ್ನ ಪಾಲಿನ ಕೆಲಸವನ್ನು ಎಳ್ಳಷ್ಟೂ ತಪ್ಪದೆ ಮಾಡಿತ್ತು. ಒಂದನ್ನು ಸ್ಥಿರವಾಗಿಟ್ಟರೆ ಇನ್ನೊಂದರ ತಪ್ಪು ಕಾಣುತ್ತದೆ ಎಂದು ಪ್ರಯೋಗಶಾಲೆಯಲ್ಲಿ ವರ್ಷವರ್ಷವೂ ಹೇಳಿದವನು ನಾನು. ಕೈಯಲ್ಲೇ ಮಸೆಯುತ್ತಿದ್ದರೆ ಕಲ್ಲಿನ ಈ ಹಳ್ಳ ಇನ್ನೂ ಹತ್ತು ವರ್ಷ ನನ್ನ ಮಣಿಕಟ್ಟಿನ ಲೆಕ್ಕಕ್ಕೇ ಸೇರುತ್ತಿತ್ತು. ಈ ಗಾಡಿಯಿಂದ ನನಗಾದ ದೊಡ್ಡ ಉಪಕಾರ ಇದು.

ಆಚಾರ್ರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ, ಮೇಲೆ ಹಿಡಿ ಮರಳು ಉದುರಿಸಿ, ನೀರು ಚಿಮುಕಿಸಿ, ಮಸೆಗಲ್ಲನ್ನು ಬೋರಲು ಹಾಕಿ ಸುತ್ತು ಸುತ್ತಾಗಿ ಉಜ್ಜತೊಡಗಿದರು. ಅದನ್ನು ಕಂಡು ನನಗೆ ಥಟ್ಟನೆ ಅವರ ಕೊಟ್ಟಿಗೆ ನೆನಪಾಯಿತು. ಅಮಾವಾಸ್ಯೆಯ ದಿನ, ಕೆಲಸವಿಲ್ಲದಾಗ, ಅವರು ಮುಂಬಾಗಿಲ ಚಪ್ಪಡಿಯ ಮೇಲೆ ಹೀಗೇ ಕಲ್ಲನ್ನು ತಿರುವಿ ತಿರುವಿ ಉಜ್ಜುತ್ತಿದ್ದರು. ಎಣ್ಣೆ ಜಿಡ್ಡು ತೊಳೆಯುತ್ತಿದ್ದಾರೆ ಎಂದುಕೊಂಡಿದ್ದೆ. ಐವತ್ತು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ನಾನು ಕಲ್ಲಿನ ಮೇಲೆ ಪೆನ್ಸಿಲಿನಿಂದ ಅಡ್ಡಉದ್ದ ಗೆರೆ ಎಳೆದುಕೊಟ್ಟೆ. ಉಜ್ಜಿದಂತೆ ಎತ್ತರದ ಜಾಗದ ಗೆರೆ ಮೊದಲು ಅಳಿಯುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಅವರಿಗೆ ಈ ಉಪಾಯ ಬಹಳ ಹಿಡಿಸಿತು. ಮೂರು ಸಲ ಗೆರೆ ಎಳೆದು ಮೂರು ಸಲ ಅಳಿಸಿದ ಮೇಲೆ ಕಲ್ಲು ಮಟ್ಟಕ್ಕೆ ಬಂತು. ನನ್ನದು ಕಾರ್ಬೊರಂಡಮ್ ಕಲ್ಲು, ಗಟ್ಟಿ. 1891ರಲ್ಲಿ ಅಮೆರಿಕದ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಜೇಡಿಯನ್ನೂ ಕೋಕನ್ನೂ ಕಾಯಿಸಿದಾಗ ಸಿಕ್ಕಿದ ಈ ವಸ್ತುವಿನ ಹರಳು ಬಲು ಗಡಸು. ಆದರೆ ಆ ಹರಳುಗಳನ್ನು ಹಿಡಿದಿಟ್ಟಿರುವ ಅಂಟು ಅಷ್ಟು ಗಟ್ಟಿಯಲ್ಲ. ಅದಕ್ಕೇ ಸಾಮಾನ್ಯ ಮರಳಿಗೂ ಕಲ್ಲು ಸವೆದುಕೊಡುತ್ತದೆ.

ಉಜ್ಜಿದ್ದರಿಂದ ಕಲ್ಲು ಗಾಜಿನ ಹಳಿಗಿಂತ ಒಂದು ಮಿ.ಮೀ.ನಷ್ಟು ತಗ್ಗಿತು. ನನ್ನ ಗಾಡಿಯ ಅಳತೆಯಲ್ಲಿ 1 ಮಿ.ಮೀ. ತಗ್ಗಿದರೆ ಕೋನ ಸುಮಾರು 1 ಡಿಗ್ರಿ ಏರುತ್ತದೆ. ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಕತ್ತರಿಸಿ ಕಲ್ಲಿನ ಕೆಳಗೆ ತುಂಬಿ ಸರಿಮಾಡಿದೆ. ಮತ್ತೆ ಮಸೆದೆ. ಈ ಸಲ ಆಚಾರ್ರು ಅಲಗನ್ನು ಹಿಡಿದು ತಿರುಗಿಸಿ, ಬಾಯಿಯನ್ನು ನೇರ ನನ್ನ ಕಣ್ಣಿಗೆ ತೋರಿಸಿದರು. ಮೊಂಡಾದ ಬಾಯಿ ಬೆಳಕಿಗೆ ಬಿಳಿ ದಾರದ ಹಾಗೆ ಮಿನುಗುತ್ತದೆ, ಏಕೆಂದರೆ ಬೆಳಕು ತಾಗಿ ಮರಳುವಷ್ಟು ಅಗಲ ಅದಕ್ಕಿರುತ್ತದೆ. ಚೂಪಾದದ್ದು ಕಾಣುವುದೇ ಇಲ್ಲ. ಎರಡು ಮುಖಗಳು ಕೂಡಿ ಎಲ್ಲೋ ಮುಗಿದಿವೆ ಎಂದಷ್ಟೇ ತಿಳಿಯುತ್ತದೆ. ನನಗೆ ದಾರ ಕಾಣಲಿಲ್ಲ.

ಹಲಸಿನ ಹಲಗೆಯ ಮೇಲೆ ತೋಪಡ ತಳ್ಳಿದೆ. ಹಲಸಿನ ಎಳೆ ಒಂದು ಕಡೆಗೆ ಮಲಗಿರುವುದಿಲ್ಲ, ಅಂಗೈಯಗಲದಲ್ಲೇ ಎರಡು ಸಲ ದಿಕ್ಕು ಬದಲಿಸಿ ಮೊಂಡು ಅಲಗಿಗೆ ಕಿತ್ತು ಬರುತ್ತದೆ. ಈಗ ಕೀಳಲಿಲ್ಲ. ರೇಷ್ಮೆ ಹರಿದಂಥ ಸದ್ದು, ತೋಪಡದ ಬಾಯಿಂದ ಅರಿಸಿನ ಬಣ್ಣದ ಸುರುಳಿ, ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ತೆಳುವು. ಹೆರೆದ ಜಾಗದಲ್ಲಿ ಅಂಗೈಯಾಡಿಸಿದರೆ ತಣ್ಣಗೆ. ಮೊಮ್ಮಗಳು ಸುರುಳಿಯನ್ನು ಎತ್ತಿ ಬಳೆಯಂತೆ ಕೈಗೆ ಹಾಕಿಕೊಂಡಳು.

ಹೊರಡುವ ಮುಂಚೆ ಆಚಾರ್ರು ತಮ್ಮ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಬೆರಳು ಮೆಲ್ಲಗೆ ನಡುಗುತ್ತಿದ್ದವು. “ಎರಡು ವರ್ಷಾಯ್ತು ಮೇಷ್ಟ್ರೇ. ಮಸೆಯಕ್ ಕೂತ್ರೆ ಅಲಗು ಕಲ್ ಮೇಲೆ ಕುಣೀತದೆ. ಮೊಮ್ಮಗ ಮಿಸನ್ನಲ್ಲೇ ಮಾಡ್ತಾನೆ, ನನ್ ತೋಪಡ ಗೂಟಕ್ಕೆ ನೇತಾಕಿವ್ನಿ. ಇಂಥದ್ದೊಂದು ನಂಗೂ ಮಾಡ್ಕೊಡಿ.” ಯಾರ ಮಣಿಕಟ್ಟನ್ನು ನೋಡಿ ನಾನು ಸ್ಥಿರತೆ ಎಂದರೇನು ಎಂದು ತಿಳಿದೆನೋ ಅವರು ಕೇಳಿದ್ದು ಇದು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅವರ ಅಲಗು ದಪ್ಪ, ಅಗಲವೂ ಹೆಚ್ಚು. ಅದಕ್ಕೆ ತಕ್ಕಂತೆ ಮೈಯನ್ನು 95 ಮಿ.ಮೀ. ಅಗಲಕ್ಕೆ ಹಿಗ್ಗಿಸಿ, ಉದ್ದನೆಯ ಬೋಲ್ಟು ಹಾಕಿ, ನಟ್ಟಿನ ಕಿವಿಗಳನ್ನು ನಡುಗುವ ಬೆರಳಿಗೂ ಸಿಗುವಷ್ಟು ದೊಡ್ಡದಾಗಿ ಮರದಲ್ಲೇ ಮಾಡಿದೆ. ಊರ ಹಬ್ಬದ ಹೊತ್ತಿಗೆ ತಲುಪಿಸಿದೆ. ಅವರು ಅಂದೇ ಗೂಟದಿಂದ ತೋಪಡ ಇಳಿಸಿದರು. ಕೊಟ್ಟಿಗೆಯಲ್ಲಿ ಕಲ್ಲಿನ ಸದ್ದು ಕೇಳಿತು, ಹಿಂದಿನಷ್ಟು ಬಿರುಸಿಲ್ಲ, ಆದರೆ ಒಂದೇ ಶ್ರುತಿ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಯಲ್ಲಿ, ಅಜ್ಜನದೋ ಮಾವನದೋ ತೋಪಡವೊಂದು ಇದ್ದೀತು. ತುಕ್ಕು ಹಿಡಿದಿದೆ, ಮೊಂಡಾಗಿದೆ ಎಂದು ಗುಜರಿಗೆ ಹಾಕಬೇಡಿ. ಅಂಗೈಯಗಲದ ತೇಗದ ತುಂಡು, ಎರಡು ಬೇರಿಂಗ್, ಮೂರು ಬೋಲ್ಟು ಸಾಕು. ಮೇಲೆ ಕೊಟ್ಟ ಅಳತೆಗಳಲ್ಲೇ ಗಾಡಿ ಮಾಡಿಕೊಳ್ಳಬಹುದು. ಮಸೆಯಲು ಕೂರುವ ಮುಂಚೆ ಮಾತ್ರ ಕಲ್ಲಿನ ಮೇಲೆ ಸ್ಕೇಲು ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ.